ಕಾಗದದ ಕೊನೆಯ ಸಾಲು

ವಿದೇಶಕ್ಕೆ ಹೋಗುವ ನರ್ಸುಗಳ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಕಾಗದ ಬರೆಯಬೇಕು, ರೋಗಿಯನ್ನು ಬೇರೆ ಡಾಕ್ಟರಿಗೆ ಒಪ್ಪಿಸುವ ಕಾಗದ. ಅದರಲ್ಲೇ ಎರಡು ಸಲ ಫೇಲಾಗಿದ್ದ ನರ್ಸಿಗೆ ವಾರ್ಡಿನಲ್ಲೇ ಒಬ್ಬರು ಇಂಗ್ಲಿಷ್ ಮೇಷ್ಟ್ರು ಸಿಕ್ಕಿದ್ದರು. ಅವರು ಹಾಸಿಗೆ ಹಿಡಿದ ರೋಗಿ.

"ಪುಸ್ತಕದ ಕೇಸು ಬೇಡ ಸಿಸ್ಟರ್. ನನ್ನದೇ ಬರ್ಕೊಂಡು ಬನ್ನಿ," ಎಂದಿದ್ದರು.

ಅವರ ಹೆಂಡತಿ ಫ್ಲಾಸ್ಕಿಗೆ ಬಿಸಿನೀರು ತರಲು ಹೋದಾಗ ನರ್ಸು ಹಾಳೆ ಕೊಟ್ಟಳು. ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಇದನ್ನ ಓದಿದ ಡಾಕ್ಟರು ನಂಬಲ್ಲ. ಮೇಲೆ ಪಿತ್ತಕೋಶದಲ್ಲಿ ಕಲ್ಲು, ಕೆಳಗೆ ನೋವಿಗೆ ದಿನಾ ಮಾರ್ಫಿನ್ ಅಂತ ಬರೆದಿದ್ದೀರಿ. ಕಲ್ಲಿಗೆ ಯಾರಾದ್ರೂ ದಿನಾ ಮಾರ್ಫಿನ್ ಚುಚ್ತಾರಾ?"

ನರ್ಸು ಬಾಗಿಲ ಕಡೆ ನೋಡಿದಳು. "ನಿಮಗೆ ಹೇಳಬಾರ್ದು ಅಂತ ಅಮ್ಮಾವ್ರು ನಮ್ಮೆಲ್ಲರ ಹತ್ರ ಆಣೆ ಮಾಡಿಸ್ಕೊಂಡಿದಾರೆ ಸಾರ್."

"ಗೊತ್ತು. ಕಲ್ಲು ಅನ್ನೋದನ್ನ ಹೊಡೆದುಹಾಕಿ, ಕ್ಯಾನ್ಸರ್ ಅಂತ ಬರೀರಿ."

ಅವಳು ಬರೆದಳು.

"ಇನ್ನೊಂದು ತಪ್ಪಿದೆ. ಕಾಗದ ಓದಿದವರು ಮುಂದೆ ಏನು ಮಾಡ್ಬೇಕು ಅನ್ನೋದು ಕೊನೇ ಸಾಲಲ್ಲಿ ಇರ್ಬೇಕು. ಅದಿಲ್ದೆ ಎಷ್ಟು ಸಲ ಕೂತ್ರೂ ಪಾಸಾಗಲ್ಲ."

"ಏನಂತ ಬರೀಲಿ ಸಾರ್? ಮಾಡೋಕೆ ಏನೂ ಉಳಿದಿಲ್ಲ."

"ಒಂದು ಉಳಿದಿದೆ."

ಹೊರಗೆ ಹೆಂಡತಿಯ ಚಪ್ಪಲಿಯ ಸದ್ದು ಹತ್ತಿರವಾಯಿತು. ಮೇಷ್ಟ್ರು ದನಿ ತಗ್ಗಿಸಿ, ಕ್ಲಾಸಿನಲ್ಲಿ ಉಕ್ತಲೇಖನ ಕೊಡುವ ಹಾಗೆ ನಿಧಾನವಾಗಿ ಹೇಳಿದರು.

"ರೋಗಿಗೆ ಗೊತ್ತಿದೆ ಅನ್ನೋದನ್ನ ದಯವಿಟ್ಟು ಅವರ ಹೆಂಡತಿಗೆ ಹೇಳ್ಬೇಡಿ."