ಶನಿವಾರದ ಎರರ್

ಬೇಕಂತಲೇ, ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿ, ದೀಪಶ್ರೀ ಅದನ್ನು ಮತ್ತೆ ರನ್ ಮಾಡಿದಳು. ‘ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ’ ಎಂಬ ಎರರ್ ಪರದೆಯ ಮೇಲೆ ಬಂದ ನಂತರವೇ ಮೈತ್ರಿಗೆ ಫೋನ್ ಹಚ್ಚಿದಳು. ಸುಳ್ಳು ಹೇಳುವುದು ದೀಪಶ್ರೀಯಿಂದಾಗದು. ಸುಮ್ಮನೆ ಫೋನ್ ಮಾಡಿದರೆ ‘ಏನಕ್ಕಾ ಸಮಾಚಾರ?’ ಎಂದು ಮೈತ್ರಿ ಕೇಳುತ್ತಾಳೆ. ಹೇಳಲು ಸಮಾಚಾರವಾದರೂ ಏನಿತ್ತು?

ಶಿಕಾರಿಪುರದ ಈ ಕಾಲೇಜಿನ ಲ್ಯಾಬಿನಲ್ಲಿ ಆರು ವರ್ಷ ಇಬ್ಬರೂ ಒಂದೇ ಮೇಜಿಗೆ ಕೂತು, ಒಂದೇ ಡಬ್ಬಿಯಲ್ಲಿ ಉಂಡವರು. ಮೈತ್ರಿಗೆ ಸೊರಬಕ್ಕೆ ವರ್ಗವಾದ ಮೇಲೆ ಇಲ್ಲಿ ಪ್ರತಿ ಶನಿವಾರ ಕಂಪ್ಯೂಟರಿನ ಲಿನಕ್ಸ್ ಕೆಡುತ್ತಿತ್ತು.

“ಮತ್ತೆ ಅದೇನಾ ದೀಪಕ್ಕ? ಫೈಲ್ ಎಲ್ಲಿದೆ ಅಂತ ಸಿಸ್ಟಮ್ಮಿಗೆ ಹೇಳ್ಬೇಕು, ಅಷ್ಟೇ,” ಎಂದು ಮೈತ್ರಿ ನಕ್ಕಳು. ಬಾಯಿಪಾಠವಾಗಿದ್ದ ಕಮಾಂಡನ್ನೇ ದೀಪಶ್ರೀ ಒಂದೊಂದಕ್ಷರ ಕೇಳಿಕೊಂಡು ಟೈಪ್ ಮಾಡಿದಳು. ನಡುನಡುವೆ ಸೊರಬದ ಹೊಸ ಲ್ಯಾಬು, ಮಗಳ ಜ್ವರ, ಬೆಳಿಗ್ಗೆ ಸೀದ ರೊಟ್ಟಿ ಎಲ್ಲವೂ ಬಂದು ಹೋದವು.

“ಅಕ್ಕಾ, ನಿನ್ನ ಪಾಡು ನೋಡಕ್ಕಾಗ್ದೆ ಒಂದು ಸ್ಕ್ರಿಪ್ಟ್ ಬರ್ದಿದೀನಿ. ಫೈಲ್ ಎಲ್ಲಿದ್ರೂ ಅದೇ ಹುಡುಕ್ಕೊಳ್ಳುತ್ತೆ. ಇನ್ಮೇಲೆ ನಂಗೆ ಫೋನ್ ಮಾಡೋ ತಾಪತ್ರಯನೇ ಇಲ್ಲ ನೋಡು.”

ಮೇಲ್ ಬಂದ ಸದ್ದಾಯಿತು.

“ದೊಡ್ಡ ಉಪಕಾರ ಆಯ್ತು ಕಣೆ,” ಎಂದಳು ದೀಪಶ್ರೀ.