ಎದೆ ಮಟ್ಟದ ಅಳತೆ

ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿ ನಕ್ಷೆಯಲ್ಲಿತ್ತು, ನೆಲದ ಮೇಲೆ ಕಾಣಲಿಲ್ಲ. ಸರ್ವೆಯವಳು ಅದೇ ಪೊದೆಯನ್ನು ಮೂರು ಸಲ ಸುತ್ತು ಹಾಕಿ ಸಾಕಾಗಿ ನಿಂತಳು. ಉದ್ಯಾನ ಹುಟ್ಟಿದಾಗ ಬರೆದ, ನೂರ ಇಪ್ಪತ್ತು ವರ್ಷ ಹಿಂದಿನ ನಕ್ಷೆಯ ನಕಲು ಒಂದು ಕೈಯಲ್ಲಿ, ಅಳತೆ ಟೇಪು ಇನ್ನೊಂದರಲ್ಲಿ. ಟೇಪಿನ ತುದಿ ಹಿಡಿಯಬೇಕಾದ ಜೊತೆಗಾರ ಬೆಳಗ್ಗೆ ರಜೆ ಹಾಕಿ ಕೈ ಕೊಟ್ಟಿದ್ದ.

"ಕಲ್ಲುತೊಟ್ಟಿ ತಾನೇ? ಆ ಬಳ್ಳಿ ಎತ್ತಿ ನೋಡಿ," ಎಂದು ಬೆಂಚಿನಿಂದ ಒಂದು ದನಿ ಬಂತು.

ಎತ್ತಿದಳು. ತೊಟ್ಟಿ ಇತ್ತು, ಅಂಚಿನ ಮೇಲೆ ಹಗ್ಗ ತಿಕ್ಕಿದ ಗೀರುಗಳ ಸಮೇತ. ತಳದ ಮಳೆನೀರಿನಲ್ಲಿ ಎರಡು ಕಪ್ಪೆ ಸಂಸಾರ ಹೂಡಿದ್ದವು.

"ನಕ್ಷೆಗಿಂತ ನೀವೇ ವಾಸಿ," ಎಂದಳು. ಅವಳ ಬಾಯಿಂದ ಇಷ್ಟು ಬಂದದ್ದೇ ಹೆಚ್ಚು. ಕಚೇರಿಯಲ್ಲಿ ಅವಳನ್ನು ಟೇಪಮ್ಮ ಎನ್ನುತ್ತಾರೆ. ಹದಿನೆಂಟು ವರ್ಷದಲ್ಲಿ ಅರ್ಧ ಸೆಂಟಿಮೀಟರ್ ಆಚೀಚೆ ಬರೆದವಳಲ್ಲ. ಹಾಗಾಗಿ ಊಟದ ಹೊತ್ತಿಗೆ ಅವಳ ಪಕ್ಕ ಯಾರೂ ಕೂರುವುದಿಲ್ಲ. "ಬಿಡುವಾಗಿದ್ರೆ ಈ ತುದಿ ಹಿಡ್ಕೋತೀರಾ, ಯಜಮಾನ್ರೇ?"

ಬಿಡುವಿಗೇನು ಬರ! ಅಂಚೆಯವನಾಗಿ ಮೂವತ್ತೈದು ವರ್ಷ ಊರವರ ಬಾಗಿಲು ತಟ್ಟಿದ ಮುದುಕ ಅವನು. ಈಗ ಅವನ ಬಾಗಿಲು ತಟ್ಟುವವರೇ ಇಲ್ಲ. ಕರೆದದ್ದೇ ತಡ, ಎದ್ದು ಬಂದ. ಇಬ್ಬರೂ ಸಾಲುಮರಗಳನ್ನು ಅಳೆಯುತ್ತ ಹೊರಟರು. ಅವನು ಟೇಪು ಹಿಡಿದದ್ದು ಕಡಿಮೆ, ಮಾತಾಡಿದ್ದೇ ಜಾಸ್ತಿ. ಯಾವ ಪೊಟರೆಯಲ್ಲಿ ಗೂಬೆ ಇದೆ, ಯಾವ ಬೇರಿನ ಕೆಳಗೆ ಹಳೆಯ ಗೇಟಿನ ಕಂಬ ಮಲಗಿದೆ, ಒಂದನ್ನೂ ಬಿಡಲಿಲ್ಲ.

"ಈ ಮರದ ಹೊಟ್ಟೇಲಿ ಕಬ್ಬಿಣದ ಬಳೆ ಇದೆ. ಕುದುರೆ ಕಟ್ತಿದ್ರಂತೆ. ಮರ ದಪ್ಪ ಆಗ್ತಾ ಆಗ್ತಾ ನುಂಗಿಬಿಡ್ತು."

"ನಕ್ಷೆಲಿ ಬಳೆ ಇಲ್ವಲ್ಲ."

"ನುಂಗಿದ್ದನ್ನ ಯಾರು ಬರೀತಾರಮ್ಮಾ?"

ಅವಳು ನಕ್ಕಳು. ಸುತ್ತು ಮುಗಿಸಿ ಬೆಂಚಿನ ಹತ್ತಿರ ಬಂದಾಗ ಹನ್ನೊಂದು ಗಂಟೆ. ಬೆಂಚಿನ ಪಕ್ಕ ಒಂದು ಬಾದಾಮಿ ಮರ ಸಾಲು ತಪ್ಪಿ ನಿಂತಿತ್ತು. ನಕ್ಷೆಯಲ್ಲಿ ಆ ಜಾಗ ಖಾಲಿ.

"ಇದು ಲೆಕ್ಕಕ್ಕಿಲ್ಲದ ಮರ," ಎಂದಳು.

"ಹಾಗಂದ್ರೆ?"

"ಉದ್ಯಾನ ಈಗ ಸಂರಕ್ಷಿತ ಅಲ್ವಾ. ಹಳೇ ಕಾಲದಲ್ಲಿ ಹೇಗಿತ್ತೋ ಹಾಗೇ ಇರ್ಬೇಕು ಅಂತ ಆದೇಶ. ಮಧ್ಯೆ ಹುಟ್ಟಿದ್ದನ್ನೆಲ್ಲ ಕಡೀತಾರೆ. ಎದೆ ಮಟ್ಟದಲ್ಲಿ ಸುತ್ತಳತೆ ನೂರು ಸೆಂಟಿಮೀಟರ್ ಇದ್ರೆ ಮಾತ್ರ ಬಿಡ್ತಾರೆ."

"ಇತಿಹಾಸಕ್ಕೆ ಸೇರೋಕೆ ನೂರು ಸೆಂಟಿಮೀಟರ್ ಆಗ್ಬೇಕು ಅನ್ನಿ."

"ಹಾಗೇ ಅಂದ್ಕೊಳ್ಳಿ. ಹಿಡೀರಿ."

ಅಂಚೆಯವನು ತುದಿ ಹಿಡಿದ. ಅವಳು ಎರಡು ಸಲ ಅಳೆದಳು. ಎರಡು ಸಲವೂ ತೊಂಬತ್ತೇಳೇ. ಕಡಿಯುವ ಮರಕ್ಕೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ, ಕುಂಚ ಚೀಲದಿಂದ ತೆಗೆದು ಮುಚ್ಚಳ ಬಿಚ್ಚಿದಳು.

"ನನ್ನ ಹೆಂಡ್ತಿ ಹಾಕಿದ್ದು," ಎಂದ ಅವನು. "ಎದುರಿನ ಆಸ್ಪತ್ರೆಗೆ ಬರ್ತಿದ್ವಿ. ಡಾಕ್ಟ್ರು ಕರೆಯೋವರೆಗೂ ಈ ಬೆಂಚೇ ನಮ್ಮ ಮನೆ. ಒಂದಿನ ಬಾದಾಮಿ ಹಣ್ಣು ತಿಂದು, ಬೀಜಾನ ಹಿಮ್ಮಡೀಲಿ ಮಣ್ಣಿಗೆ ಒತ್ತಿದ್ಲು. ಬರುತ್ತೇನೋ ನೋಡೋಣ ಅಂದ್ಲು. ಇದು ಬಂತು. ಅವಳು ಮನೆಗೆ ವಾಪಸ್ ಬರ್ಲಿಲ್ಲ."

ಟೇಪಮ್ಮ ಕುಂಚವನ್ನು ಡಬ್ಬಿಯಲ್ಲಿ ತಿರುವುತ್ತಿದ್ದಳು.

"ಮಕ್ಕಳಿಲ್ಲ ನಮಗೆ. ಬೆಳಗ್ಗೆ ಬಂದು ಇದರ ಹತ್ರ ನಾಲ್ಕು ಮಾತಾಡಿ ಹೋಗ್ತೀನಿ. ಆಮೇಲೆ ಮಲಗೋವರೆಗೂ ಬಾಯಿ ಬಿಡೋ ಪ್ರಮೇಯಾನೇ ಬರಲ್ಲ."

ಮಧ್ಯಾಹ್ನದ ಊಟದ ಡಬ್ಬಿ, ಪಕ್ಕದ ಖಾಲಿ ಕುರ್ಚಿ ಅವಳ ಕಣ್ಣಿಗೆ ಕಟ್ಟಿದವು. ಆದರೂ ಹೇಳಿದಳು: "ನಾನು ಸುಳ್ಳು ಬರೆಯಲ್ಲ ಯಜಮಾನ್ರೇ. ನನ್ನಿಂದ ಆಗಲ್ಲ."

"ಬರೀರಿ ಅಂತ ಯಾರಂದ್ರು? ನಾನೂ ಒಂದು ಕಾಗದ ತಪ್ಪು ಮನೆಗೆ ಕೊಟ್ಟವನಲ್ಲ. ಒಂದು ನಿಮಿಷ ಇರಿ ತಾಯೀ, ಅವಳಿಗೆ ನಾನೇ ಹೇಳ್ತೀನಿ."

ಮರದ ಹತ್ತಿರ ಹೋಗಿ, ಎದುರಿಗಿದ್ದವರ ಮುಖ ಹಿಡಿಯುವ ಹಾಗೆ ಕಾಂಡದ ಎರಡೂ ಬದಿಗೆ ಅಂಗೈ ಇಟ್ಟ. ತುಟಿ ಅಲ್ಲಾಡಿತು. ಏನು ಹೇಳಿದನೋ, ಅವಳಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಹೋಗಲೂ ಇಲ್ಲ. ಕುಂಚದಿಂದ ಕೆಂಪು ಬಣ್ಣ ಹುಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳು ಡಬ್ಬಿಯ ಮುಚ್ಚಳ ಒತ್ತಿದಳು. ಟೇಪು ಎಳೆದುಕೊಂಡು ಹೋಗಿ ಮರದ ಸುತ್ತ, ಅವನ ಎರಡೂ ಕೈಗಳ ಮೇಲಿನಿಂದಲೇ ಹಾಯಿಸಿ, ತುದಿ ಸೇರಿಸಿದಳು. ಅವನು ಗಾಬರಿಯಾಗಿ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದ.

"ಅಲ್ಲಾಡಬೇಡಿ," ಎಂದಳು. ಬಗ್ಗಿ ನೋಡಿದಳು. "ನೂರಾ ಒಂದು." ಪುಸ್ತಕ ತೆರೆದು ಬರೆದಳು.

"ಆಗ ತೊಂಬತ್ತೇಳು ಅಂದ್ರಲ್ಲಮ್ಮಾ?"

"ಆಗ ನಿಮ್ಮನ್ನ ಸೇರಿಸಿರ್ಲಿಲ್ಲ," ಎಂದು ಟೇಪು ಸುತ್ತಿಕೊಂಡು ಅವಳು ಮುಂದಿನ ಮರದತ್ತ ನಡೆದಳು.