ಮಸಿ ಸುಡುವಷ್ಟು ದೂರ

ಹೊಗೆ ತಪಾಸಣೆಯಲ್ಲಿ ಜಾರ್ಲತ್‌ನ ಡೀಸೆಲ್ ಕಾರು ಫೇಲಾಯಿತು. ತಪಾಸಣೆ ಮಾಡುವವನು ಎಕ್ಸಲರೇಟರ್ ತುಳಿದದ್ದೇ ತಡ, ಸೈಲೆನ್ಸರಿನಿಂದ ಕರಿಹೊಗೆ ಉಕ್ಕಿ ಎದುರಿನ ಗೋಡೆಯೇ ಕಾಣದಂತಾಯಿತು. “ತಿಂಗಳೊಳಗೆ ಸರಿ ಮಾಡಿಸ್ಕೊಂಡು ಬನ್ನಿ. ಇಲ್ದಿದ್ರೆ ರಸ್ತೆಗೆ ಇಳಿಸೋ ಹಾಗಿಲ್ಲ” ಎಂದು ಹೇಳಿ ಕಳಿಸಿದರು. ಜಾರ್ಲತ್ ಸೀದಾ ತನ್ನೂರು ಗಾರ್ಟ್‌ಗೆ ಬಂದು, ಶಾಲೆಯ ದಿನಗಳಿಂದ ಗೊತ್ತಿದ್ದ ಫಿಂಟನ್‌ನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ.

ಫಿಂಟನ್ ಬಾನೆಟ್ ಎತ್ತಿ ನೋಡಿದ. ಸೈಲೆನ್ಸರಿನ ಬಾಯೊಳಗೆ ಬೆರಳಾಡಿಸಿ ತೆಗೆದ. ಬೆರಳಿಗೆ ಕಾಡಿಗೆ ಮೆತ್ತಿದಂತಾಗಿತ್ತು.

“ಈ ಕಾರು ತಗೊಂಡು ಎಲ್ಲೆಲ್ಲಿಗೆ ಹೋಗ್ತೀಯ?”

“ಅಂಗಡಿಗೆ. ಭಾನುವಾರ ಚರ್ಚಿಗೆ.”

“ಅಷ್ಟೇನಾ?”

“ಮತ್ತೆಲ್ಲಿಗೆ ಹೋಗ್ಲಿ?”

“ಹೋದ ವರ್ಷ ಸಲೀಸಾಗಿ ಪಾಸಾಗಿತ್ತಲ್ಲ.”

“ಹೋದ ವರ್ಷ ಕೋಲ್ಮನ್ ಇದ್ದ.”

ಫಿಂಟನ್ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಕೋಲ್ಮನ್ ಜಾರ್ಲತ್‌ನ ಅಣ್ಣ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಬದುಕಿದವರು. ಅಣ್ಣನ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಹೆದ್ದಾರಿ ಹಿಡಿದು ಗಾಲ್ವೇ ಆಸ್ಪತ್ರೆಗೆ ಜಾರ್ಲತ್‌ನೇ ಕರೆದೊಯ್ದು ಕರೆತರುತ್ತಿದ್ದ. ಕಳೆದ ಚಳಿಗಾಲದಲ್ಲಿ ಆ ಓಡಾಟ ನಿಂತುಹೋಯಿತು.

“ಎಂಜಿನ್ನಿಗೇನೂ ಆಗಿಲ್ಲ,” ಎಂದ ಫಿಂಟನ್. “ಬಿಸಿಯಾಗೋಕೆ ಮುಂಚೆನೇ ಆಫ್ ಮಾಡ್ತೀಯ, ಮಸಿ ಒಳಗೇ ಕಟ್ಕೊಂಡು ಕೂತಿದೆ. ಏರ್ ಫಿಲ್ಟರು, ಆಯಿಲ್ಲು ನಾನು ಬದಲಾಯಿಸ್ತೀನಿ. ಮುಖ್ಯವಾದ ಕೆಲಸ ಮಾತ್ರ ನಿಂದು. ಹೆದ್ದಾರಿ ಹತ್ತಿ, ಗೇರ್ ಇಳಿಸಿ, ಚೆನ್ನಾಗಿ ರೇಸ್ ಕೊಟ್ಕೊಂಡು ದೂರ ಹೋಗ್ಬೇಕು. ಮಸಿಯೆಲ್ಲ ಸುಟ್ಟು ಹೋಗೋವರೆಗೆ.”

“ದೂರ ಅಂದ್ರೆ ಎಲ್ಲಿಗೆ?”

“ಎಲ್ಲಿಗಾದ್ರೂ ಹೋಗೋ ಮಾರಾಯ. ಕಾರಿಗೇನು ಗೊತ್ತಾಗುತ್ತೆ?”

ಮರುದಿನ ಜಾರ್ಲತ್ ಹೆದ್ದಾರಿಯ ತಿರುವಿನವರೆಗೆ ಹೋದ. ಗಾಲ್ವೇ ಎಂಬ ಬೋರ್ಡು ಕಂಡಿತು. ಅತ್ತ ಹೋಗಲು ಮನಸ್ಸಾಗಲಿಲ್ಲ. ಬೇರೆ ಕಡೆ ಹೋಗಲು ಕಾರಣವಿರಲಿಲ್ಲ. ಕಾರು ತಿರುಗಿಸಿಕೊಂಡು ಊರಿಗೆ ಬಂದು ನೋರೀನ್‌ಳ ಅಂಗಡಿ ಹೊಕ್ಕ.

“ಡಬ್ಲಿನ್ ಕಡೆ ಯಾರಾದ್ರೂ ಹೋಗೋರು ಇದ್ದಾರಾ? ನಾನು ಬಿಟ್ಟು ಬರ್ತೀನಿ.”

“ಈಗ ಎಲ್ಲರ ಮನೇಲೂ ಕಾರಿದೆ ಜಾರ್ಲತ್. ಇಲ್ದೋರಿಗೆ ಬಸ್ಸಿದೆ,” ಎಂದಳು ನೋರೀನ್.

“ನಾನು ಹೋಗ್ಬೇಕು,” ಎಂದಿತು ಅವನ ಹಿಂದಿನಿಂದ ಒಂದು ದನಿ. ಬ್ರೆಡ್ಡು ಹಿಡಿದು ನಿಂತಿದ್ದವಳು ರೋಸಿಲೇನಿ. ಊರಲ್ಲಿರುವ ಬ್ರೆಜಿಲಿನವರಲ್ಲಿ ಒಬ್ಬಳು, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುವವಳು. “ಶುಕ್ರವಾರ ಬೆಳಿಗ್ಗೆ, ಏರ್‌ಪೋರ್ಟಿಗೆ. ದೊಡ್ಡ ಸೂಟ್‌ಕೇಸುಗಳಿವೆ, ಪರವಾಗಿಲ್ವಾ?”

ಶುಕ್ರವಾರ ಜಾರ್ಲತ್ ಗಡ್ಡ ಹೆರೆದುಕೊಂಡ. ಇಬ್ಬರಿಗೂ ಆಗುವಷ್ಟು ಹ್ಯಾಮ್ ಸ್ಯಾಂಡ್‌ವಿಚ್ ಮಾಡಿ ಕಾಗದದಲ್ಲಿ ಸುತ್ತಿದ. ಏನೇನು ಮಾತಾಡಬಹುದೆಂದು ಯೋಚಿಸಿಟ್ಟುಕೊಂಡ: ಅವಳ ಊರಿನ ದನಗಳು, ಅಲ್ಲಿಯ ಮಳೆ, ಮನೆಯಲ್ಲಿ ಯಾರ್ಯಾರಿದ್ದಾರೆ. ಪಾಳಿ ಮುಗಿಸಿ ನೇರವಾಗಿ ಬಂದ ರೋಸಿಲೇನಿ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ಹೆದ್ದಾರಿ ಹತ್ತಿದ ಮೇಲೆ ಜಾರ್ಲತ್ ಗಂಟಲು ಸರಿಮಾಡಿಕೊಂಡು, “ನಿಮ್ಮೂರಲ್ಲಿ ಈಗ ಮಳೇನಾ?” ಎಂದು ಕೇಳಿದ. ಕಿಟಕಿಗೆ ತಲೆಯಾನಿಸಿ, ಬಾಯಿ ಅರೆ ತೆರೆದು, ಅವಳು ನಿದ್ದೆ ಹೋಗಿದ್ದಳು.

ಜಾರ್ಲತ್ ಗೇರ್ ಇಳಿಸಿ ರೇಸ್ ಕೊಟ್ಟ. ಎಂಜಿನ್ನು ಅರಚಿತು. ಕನ್ನಡಿಯಲ್ಲಿ ಕಪ್ಪು ಮೋಡವೊಂದು ಬೆನ್ನುಹತ್ತಿ ಬರುತ್ತಿತ್ತು. ಹಿಂದಿದ್ದ ಲಾರಿಯವನು ಹಾರ್ನ್ ಬಾರಿಸಿ ಬೈದು ಮುಂದೆ ಹೋದ. ಅವಳು ಮಿಸುಕಲಿಲ್ಲ. ಆಸ್ಪತ್ರೆಯಿಂದ ಮರಳುವಾಗ ಕೋಲ್ಮನ್ ಕೂಡ ಹೀಗೇ ಮಲಗುತ್ತಿದ್ದ. ಅವನ ತಲೆ ಗಾಜಿಗೆ ಬಡಿಯದಿರಲೆಂದು ಜಾರ್ಲತ್ ತಿರುವುಗಳಲ್ಲಿ ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಈಗಲೂ ಕೈ ತಾನಾಗಿ ಹಾಗೆಯೇ ತಿರುಗಿಸಿತು.

ಅತ್‌ಲೋನ್ ಪಟ್ಟಣ ದಾಟುವ ಹೊತ್ತಿಗೆ ಹೊಗೆ ತೆಳುವಾಗಿ, ಆಮೇಲೆ ಕನ್ನಡಿಯಲ್ಲಿ ಬರೀ ರಸ್ತೆ ಉಳಿಯಿತು. ಕಾರಿನ ಕೆಲಸ ಮುಗಿದಿತ್ತು. ಜಾರ್ಲತ್ ಗೇರ್ ಏರಿಸಿದ, ಸದ್ದು ಇಳಿಯಿತು. ರೇಡಿಯೋ ಆಫ್ ಮಾಡಿದ. ಪಕ್ಕದಲ್ಲಿ ಒಬ್ಬರು ಉಸಿರಾಡುವುದು ಕೇಳಿಸುತ್ತಿತ್ತು.

ಏರ್‌ಪೋರ್ಟಿನಲ್ಲಿ ಕಾರು ನಿಂತಾಗ ರೋಸಿಲೇನಿ ಬೆಚ್ಚಿ ಎದ್ದಳು. “ಅಯ್ಯೋ, ದಾರಿಯುದ್ದಕ್ಕೂ ಮಲಗ್ಬಿಟ್ನಲ್ಲ. ಒಂದು ಮಾತೂ ಆಡ್ಲಿಲ್ಲ. ನಿಮಗೆ ತುಂಬಾ ಬೇಜಾರಾಗಿರ್ಬೇಕು.”

“ಇಲ್ಲ,” ಎಂದ ಜಾರ್ಲತ್. “ಚೆನ್ನಾಗಿತ್ತು.”

ಸೂಟ್‌ಕೇಸುಗಳನ್ನು ಇಳಿಸಿಕೊಟ್ಟು, ಸ್ಯಾಂಡ್‌ವಿಚ್‌ಗಳನ್ನೆಲ್ಲ ಅವಳ ಕೈಗೇ ಇಟ್ಟ. “ವಾಪಸ್ ಯಾವಾಗ? ಕರ್ಕೊಂಡು ಹೋಗೋಕೆ ಬರ್ತೀನಿ.”

“ಇನ್ನು ಬರಲ್ಲ. ಮಗಳು ನಮ್ಮೂರಲ್ಲೇ ಇದ್ದಾಳೆ, ನಮ್ಮಮ್ಮನ ಹತ್ರ ಬೆಳೀತಿದ್ದಾಳೆ.” ಅವಳು ಅವನ ಕೈ ಕುಲುಕಿ, ತಳ್ಳುಗಾಡಿ ನೂಕಿಕೊಂಡು ಜನರೊಳಗೆ ಸೇರಿಹೋದಳು.

ಮುಂದಿನ ವಾರ ಕಾರು ಪಾಸಾಯಿತು. “ನೋಡಿದ್ಯಾ?” ಎಂದ ಫಿಂಟನ್. “ತಿಂಗಳಿಗೊಂದ್ಸಲ ಹೀಗೆ ಓಡಿಸ್ತಿರು, ಇನ್ನೂ ಎಷ್ಟೋ ವರ್ಷ ಬರುತ್ತೆ.” ಜಾರ್ಲತ್ ಗ್ಯಾರೇಜಿನಿಂದ ನೋರೀನ್‌ಳ ಅಂಗಡಿಗೆ ಹೋಗಿ, ಒಂದು ರಟ್ಟಿನ ಚೂರು ಕೇಳಿ ಪಡೆದು, ಬಹಳ ಹೊತ್ತು ಬಾಗಿಲ ಬಳಿ ನಿಂತು ಏನೋ ಬರೆದ. ಅದನ್ನು ಬಾಗಿಲ ಗಾಜಿಗೆ ಅಂಟಿಸಿ ಹೊರಟುಹೋದ. ನೋರೀನ್ ಹೊರಗೆ ಬಂದು ಓದಿದಳು:

“ತಿಂಗಳ ಮೊದಲ ಶುಕ್ರವಾರ ಡಬ್ಲಿನ್‌ಗೆ ಕಾರು ಹೋಗುತ್ತದೆ. ಬರುವವರು ಬರಬಹುದು. ಮಾತಾಡಲೇಬೇಕೆಂದಿಲ್ಲ. ನಿದ್ದೆ ಮಾಡಬಹುದು.”